ಮೂವತ್ತೆಂಟು ರೂಪಾಯಿ ಹದಿಮೂರು ಆಣೆ ಎರಡು ಪೈ: ಉಡುಪಿಯ ಒಂದು ಪರಂಪರೆ ನಡಿಗೆ

ಉಡುಪಿಯಲ್ಲಿ ಊರು ತೋರಿಸುವ ನಡಿಗೆಗಳು ಈಚೆಗೆ ಹೆಚ್ಚಾಗಿವೆ. ದೇವಸ್ಥಾನಗಳದ್ದು ಒಂದು, ತಿಂಡಿ ತೀರ್ಥದ್ದು ಒಂದು, ಹಂಚಿನ ಮನೆಗಳದ್ದು ಇನ್ನೊಂದು. ಹುಟ್ಟೂರಿನಲ್ಲಿ ಹಣ ಕೊಟ್ಟು ನಡೆಯುವುದೆಂದರೇನು ಎಂಬ ಹಟದಿಂದ ನಾನು ಇಷ್ಟು ದಿನ ಇವುಗಳಿಂದ ದೂರವೇ ಉಳಿದಿದ್ದೆ. ಆದರೆ ಬೆಂಗಳೂರಿನಿಂದ ಬಂದಿದ್ದ ತಂಗಿಯ ಮಗಳು ಒಂದು ಹೊಸ ನಡಿಗೆಯ ವಿವರವನ್ನು ತೋರಿಸಿದಾಗ ಹಟವನ್ನು ಬಿಡಬೇಕಾಯಿತು. ಇಪ್ಪತ್ತನೆಯ ಶತಮಾನದ ಮೊದಲ ಮೂರು ದಶಕಗಳಲ್ಲಿ ಹಾಜಿ ಕಾಸಿಂ ಸಾಹೇಬರ ಮನೆತನವು ಈ ಊರಿನ ಸಾರ್ವಜನಿಕ ಬದುಕಿನಲ್ಲಿ ಹೇಗೆ ಬೆರೆತಿತ್ತು ಎಂಬುದು ಅದರ ವಿಷಯವಾಗಿತ್ತು. ಮೂವತ್ತಕ್ಕೂ ಹೆಚ್ಚು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ಸಂಬಳ ತಿಂದವನಿಗೆ ಕಾರ್ಪೊರೇಷನ್ ಬ್ಯಾಂಕನ್ನು ಕಟ್ಟಿದ ಆ ಮನೆತನದ ಖಾನ್ ಬಹಾದ್ದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹಾದ್ದೂರರ ಹೆಸರು ಕೇಳಿದರೆ ಕಿವಿ ನಿಮಿರದೆ ಇರುವುದು ಕಷ್ಟ. ಆದ್ದರಿಂದ ಇಬ್ಬರಿಗೂ ಚೀಟಿ ಮಾಡಿಸಿದೆವು.

ನಡಿಗೆಯನ್ನು ನಡೆಸುವವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಮುಂದೆ ಒಂದೆರಡು ಆಕ್ಷೇಪಣೆಗಳನ್ನು ಹೇಳುವುದಿದೆ. ಅವರು ಇನ್ನೂ ಕೈ ಪಳಗಿಸಿಕೊಳ್ಳುತ್ತಿರುವ ಯುವಕ ಯುವತಿಯರು, ನನ್ನ ಮಾತಿನಿಂದ ಅವರ ಹೊಟ್ಟೆಪಾಡಿಗೆ ಪೆಟ್ಟು ಬೀಳುವುದು ನನಗೆ ಬೇಡ. ತಲೆಗೆ 350 ರೂಪಾಯಿ, ಬೆಳಿಗ್ಗೆ ಏಳೂವರೆಗೆ ಆರಂಭ, ಮೂರು ಗಂಟೆಗಳ ಅವಧಿ, ನಡುವೆ ತಿಂಡಿ ಕಾಫಿ ಅವರದ್ದೇ. ಒಂದು ತಂಡಕ್ಕೆ ಹನ್ನೆರಡು ಜನರಿಗಿಂತ ಹೆಚ್ಚು ಸೇರಿಸುವುದಿಲ್ಲ ಎಂದಿದ್ದರು, ಆ ಮಾತನ್ನು ಉಳಿಸಿಕೊಂಡರು. ನಮ್ಮ ದಿನ ಹತ್ತು ಮಂದಿ ಇದ್ದೆವು. ದಾರಿ ತೋರಿಸಿದ ಹುಡುಗಿಗೆ ಇಪ್ಪತ್ತೈದರ ಆಸುಪಾಸು ಇರಬಹುದು. ಧ್ವನಿ ಸ್ಪಷ್ಟ, ಕನ್ನಡ ಶುದ್ಧ, ತುಳುವಿನಲ್ಲಿ ಕೇಳಿದವರಿಗೆ ತುಳುವಿನಲ್ಲೇ ಉತ್ತರ. ಹೆಗಲ ಚೀಲದಲ್ಲಿ ಹಳೆಯ ಚಿತ್ರಗಳ ಪ್ರತಿಗಳು, ನೀರಿನ ಬಾಟಲಿ, ಬಟ್ಟೆಯ ಒಂದು ಪುಟ್ಟ ಸಂಚಿ. ಆ ಸಂಚಿಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಡಿಗೆ ಶುರುವಾಗುವುದು ರಥಬೀದಿಯಲ್ಲಿ. ಒಂದು ಮುಸ್ಲಿಂ ವರ್ತಕ ಮನೆತನದ ಕಥೆಯನ್ನು ಅನಂತೇಶ್ವರ, ಚಂದ್ರಮೌಳೀಶ್ವರ ದೇವಸ್ಥಾನಗಳ ಮುಂದೆ ನಿಂತು ಆರಂಭಿಸುವುದು ಮೊದಲ ನೋಟಕ್ಕೆ ವಿಚಿತ್ರವೆನಿಸಬಹುದು, ಆದರೆ ಈ ನಡಿಗೆಯನ್ನು ರೂಪಿಸಿದವರ ಅತ್ಯುತ್ತಮ ತೀರ್ಮಾನ ಅದೇ ಎಂಬುದು ನನ್ನ ಅಭಿಪ್ರಾಯ. ನೂರ ಇಪ್ಪತ್ತು ವರ್ಷಗಳ ಹಿಂದಿನ ಉಡುಪಿಯೆಂದರೆ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು ಕೇಂದ್ರ. ರೈಲು ಇಲ್ಲ, ದೊಡ್ಡ ಕಾರ್ಖಾನೆ ಇಲ್ಲ, ಸರಕು ಹೋಗಿ ಬರುವುದು ಮಲ್ಪೆಯ ಕಡಲು ಮತ್ತು ಎತ್ತಿನ ಗಾಡಿಯ ಹಾದಿ. ಅಂಥ ಊರಿನ ಮಧ್ಯದಲ್ಲಿ ಎಂಟು ಮಠಗಳು, ಕೃಷ್ಣಪೂಜೆಯ ಹೊಣೆ ಎರಡು ವರ್ಷಕ್ಕೊಮ್ಮೆ ಮಠದಿಂದ ಮಠಕ್ಕೆ ಕೈ ಬದಲಾಗುವ ಪರ್ಯಾಯ, ಆ ಎರಡು ವರ್ಷವೂ ನಡೆಯಬೇಕಾದ ಅನ್ನಸಂತರ್ಪಣೆ. ಪರ್ಯಾಯಕ್ಕೆ ಮೊದಲು ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ ಎಂದು ನಾಲ್ಕು ಮುಹೂರ್ತಗಳು ನಡೆಯುವುದನ್ನು ನಾವು ಶಾಸ್ತ್ರವೆಂದು ನೋಡುತ್ತೇವೆ. ವ್ಯಾಪಾರಿಯ ಕಣ್ಣಿನಿಂದ ನೋಡಿದರೆ ಅದು ಎರಡು ವರ್ಷದ ದಾಸ್ತಾನಿನ ಪಟ್ಟಿ. ಅಕ್ಕಿ, ಎಣ್ಣೆ, ಬೆಲ್ಲ, ಸೌದೆ, ಜವಳಿ ಇವುಗಳನ್ನು ಮಾರುವವನ ಜಾತಿ ಯಾವುದೇ ಇರಲಿ, ರಥಬೀದಿಯ ಕಡೆಗೆ ಬೆನ್ನು ಹಾಕಿ ಅವನು ಈ ಊರಿನಲ್ಲಿ ಅಂಗಡಿ ಇಡುವಂತಿರಲಿಲ್ಲ. ಕಾಷ್ಠರಥದಂತೆ ಜೋಡಿಸುವ ಕಟ್ಟಿಗೆಯ ರಾಶಿಯ ಚಿತ್ರವನ್ನು ಕೈಯಲ್ಲಿ ಹಿಡಿದು ಹುಡುಗಿ ಇದನ್ನು ಹೇಳಿದ ರೀತಿ ನನಗೆ ಬಹಳ ಹಿಡಿಸಿತು.

ಆದರೆ ಅದೇ ಜಾಗದಲ್ಲಿ ಆಕೆ ಎಣ್ಣೆಯ ಕಥೆಯನ್ನು ಎತ್ತಿಕೊಂಡಾಗ ನಡಿಗೆಯ ದೌರ್ಬಲ್ಯವೂ ಕಾಣಿಸಿಕೊಂಡಿತು. ಕೃಷ್ಣಮಠದ ಲಕ್ಷದೀಪೋತ್ಸವಕ್ಕೆ ಒಮ್ಮೆ ಎಣ್ಣೆ ಸಾಲದೆ ಹೋದಾಗ ಹಾಜಿ ಅಬ್ದುಲ್ಲಾ ಸಾಹೇಬರು ತಮ್ಮ ಕಡೆಯಿಂದ ಎಣ್ಣೆ ಕಳುಹಿಸಿಕೊಟ್ಟರು ಎಂಬ ಕಥೆಯನ್ನು ಉಡುಪಿಯಲ್ಲಿ ಅಜ್ಜ ಅಜ್ಜಿಯರ ಬಾಯಲ್ಲಿ ಕೇಳದವರು ಕಡಿಮೆ. ಕಥೆಯ ಬಗ್ಗೆ ನನಗೆ ತಕರಾರು ಇಲ್ಲ. ಊರೊಂದು ತನ್ನ ಹಿರಿಯನನ್ನು ಯಾವ ಬಗೆಯಲ್ಲಿ ನೆನಪಿಟ್ಟುಕೊಂಡಿದೆ ಎಂಬುದೂ ಚರಿತ್ರೆಯೇ. ಆದರೆ ಅದನ್ನು ಹೇಳುವುದಕ್ಕೆ ಇಪ್ಪತ್ತು ನಿಮಿಷ, ಗದ್ಗದ ಕಂಠ, ಕೊನೆಗೆ ಎಲ್ಲರಿಂದ ಚಪ್ಪಾಳೆ ಬೇಕಿರಲಿಲ್ಲ. ಆ ಇಪ್ಪತ್ತು ನಿಮಿಷದಲ್ಲಿ ಸಾಹೇಬರು ಒಬ್ಬ ದಾನಶೂರ ಕರ್ಣನಾದರು, ಊರು ಕೈಯೊಡ್ಡಿ ನಿಂತ ಯಾಚಕನಾಯಿತು. ಅದಕ್ಕೆ ಸ್ವಲ್ಪವೇ ಮೊದಲು ಆಕೆ ಕಟ್ಟಿಗೆ, ಅಕ್ಕಿಗಳ ಮೂಲಕ ಬಿಡಿಸಿ ತೋರಿಸಿದ್ದ ಕೊಡುಕೊಳ್ಳುವಿಕೆಯ ಸಂಬಂಧ, ಅಂದರೆ ಮಠಕ್ಕೆ ವರ್ತಕ ಬೇಕು, ವರ್ತಕನಿಗೆ ಮಠ ಬೇಕು ಎಂಬ ಸರಳ ಸತ್ಯ, ಆ ಭಾವಾವೇಶದಲ್ಲಿ ಕೊಚ್ಚಿಹೋಯಿತು. ತಂಗಿಯ ಮಗಳು ನನ್ನ ಕಿವಿಯ ಹತ್ತಿರ ಬಂದು, ‘ಮಾವ, ಇವರು ಮಠಕ್ಕೆ ಎಣ್ಣೆ ಮಾರುತ್ತಲೂ ಇದ್ದರಾ?’ ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಅದನ್ನು ಗಟ್ಟಿಯಾಗಿ ಕೇಳು ಎಂದೆ. ಅಷ್ಟರಲ್ಲಿ ತಂಡ ಮುಂದಕ್ಕೆ ಹೊರಟಿತ್ತು.

ತಿಂಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬನ್ಸ್ ಬಿಸಿ ಇತ್ತು, ಕಾಫಿ ಆರಿತ್ತು.

ಅಲ್ಲಿಂದ ಕವಿ ಮುದ್ದಣ ಮಾರ್ಗದ ಕಡೆಗೆ ನಡೆಯಬೇಕು. ನಡಿಗೆಯ ಈ ಭಾಗದಲ್ಲಿ ಮಾತು ಕಡಿಮೆ, ವಾಹನಗಳ ಗದ್ದಲ ಹೆಚ್ಚು. ಕಾಲುದಾರಿ ಇರುವಲ್ಲಿ ಸ್ಕೂಟರುಗಳು, ಇಲ್ಲದಲ್ಲಿ ಬಸ್ಸುಗಳು. ಹಿರಿಯರು ಇರುವ ತಂಡಕ್ಕೆ ಇದು ಸುಲಭದ ದಾರಿಯಲ್ಲ, ಮತ್ತು ಹಿಂದೆ ಉಳಿದವರನ್ನು ಕಾಯಲು ಇನ್ನೊಬ್ಬ ಸಹಾಯಕ ಇರಬೇಕಿತ್ತು. ಹಾಗಿದ್ದರೂ ನಡೆದೇ ಹೋಗಬೇಕು ಎಂಬುದು ನನ್ನ ಸಲಹೆ. ರಥಬೀದಿಯಿಂದ ಸಾಹೇಬರ ಮನೆಗೆ ಇರುವ ಅಂತರವನ್ನು ಕಾಲಿನಿಂದ ಅಳೆದರೆ ಅದು ಎಷ್ಟು ಕಡಿಮೆ ಎಂಬುದು ಮನಸ್ಸಿಗೆ ನಾಟುತ್ತದೆ. ಮಠದ ಗಂಟೆಯ ಸದ್ದು, ಕೋರ್ಟಿನ ಕಕ್ಷಿದಾರರು, ಸಂತೆಗೆ ಬಂದ ಗೇಣಿದಾರರು, ಶಾಲೆಯ ಮಕ್ಕಳು ಇವೆಲ್ಲವೂ ಕೆಲವೇ ನಿಮಿಷಗಳ ನಡಿಗೆಯ ಒಳಗೆ ಇದ್ದ ಊರದು. ಮುದ್ದಣ, ಅಂದರೆ ನಂದಳಿಕೆ ಲಕ್ಷ್ಮೀನಾರಣಪ್ಪ, ಈ ಊರಿನಲ್ಲಿ ಶಾಲಾ ಮೇಷ್ಟರಾಗಿದ್ದವರು. 1901ರಲ್ಲಿ ಅವರು ತೀರಿಕೊಂಡ ಐದು ವರ್ಷಗಳ ತರುವಾಯ, ಇಂದು ಅವರ ಹೆಸರನ್ನು ಹೊತ್ತ ರಸ್ತೆಯ ಆಸುಪಾಸಿನಲ್ಲಿ ಒಂದು ಬ್ಯಾಂಕು ಹುಟ್ಟಿತು. ಬಡ ಮೇಷ್ಟರಿಗೂ ಬ್ಯಾಂಕಿಗೂ ಇರುವ ಸಂಬಂಧ ಇಷ್ಟೇ, ಆದರೂ ಆ ರಸ್ತೆಯಲ್ಲಿ ನಡೆಯುವಾಗ ನನಗೆ ಯಾವಾಗಲೂ ಇದು ನೆನಪಾಗುತ್ತದೆ.

ಹಾಜಿ ಅಬ್ದುಲ್ಲಾ ಸಾಹೇಬರ ಮನೆ ಈಗ ನಾಣ್ಯ ಸಂಗ್ರಹಾಲಯ. ಅವರು ಕಟ್ಟಿದ ಕಾರ್ಪೊರೇಷನ್ ಬ್ಯಾಂಕ್ ಸಂಸ್ಥಾಪಕರ ಆ ಮನೆಯಲ್ಲಿ ಪರಂಪರೆ ಸಂಗ್ರಹಾಲಯವನ್ನು ತೆರೆಯಿತು. 2020ರ ಏಪ್ರಿಲ್ 1ರಂದು ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಕ್ರಿಸ್ತಪೂರ್ವ ಕಾಲದ ಮುದ್ರಾಂಕಿತ ನಾಣ್ಯಗಳಿಂದ ಹಿಡಿದು ನಮ್ಮ ಕಾಲದ ನಾಣ್ಯಗಳವರೆಗೆ ಇಲ್ಲಿ ಸಾಲಾಗಿ ಇರಿಸಿದ್ದಾರೆ. ನಾಣ್ಯದ ಹುಚ್ಚು ಇರುವವರು ಇದಕ್ಕಾಗಿಯೇ ಪ್ರತ್ಯೇಕ ಒಂದು ದಿನ ಬರಬೇಕು. ನಡಿಗೆಯವರು ಕೊಡುವ ಅರ್ಧ ಗಂಟೆ ಏನಕ್ಕೂ ಸಾಲದು. ಈ ಬರಹ ಸಂಗ್ರಹಾಲಯದ ವಿಮರ್ಶೆಯಲ್ಲವಾದ್ದರಿಂದ ಅಲ್ಲಿಗೆ ಬಿಡುತ್ತೇನೆ.

ಮನೆಯ ಹೊರಗೆ ನೆರಳಿನಲ್ಲಿ ನಿಲ್ಲಿಸಿ ಆಕೆ 1906ರ ಕಥೆ ಹೇಳಿದಳು. ನಡಿಗೆಯ ಹೃದಯಭಾಗ ಇದು, ಮತ್ತು ಇಲ್ಲಿ ಆಕೆಯ ಸಿದ್ಧತೆ ಅರ್ಧ ಗಟ್ಟಿ, ಅರ್ಧ ಸಡಿಲ. 1906ರ ಫೆಬ್ರವರಿಯಲ್ಲಿ ಸಾಹೇಬರು ಹೊರಡಿಸಿದ ಮನವಿಯ ಸಾರವನ್ನು ಸರಿಯಾಗಿಯೇ ಹೇಳಿದಳು. ಜಾತಿ ಮತಗಳ ಭೇದವಿಲ್ಲದೆ ಎಲ್ಲ ವರ್ಗದ ಜನರಲ್ಲಿ ಉಳಿತಾಯದ ಅಭ್ಯಾಸವನ್ನು ಬೆಳೆಸುವುದು, ಅಷ್ಟಕ್ಕೇ ನಿಲ್ಲದೆ ಅವರೆಲ್ಲರಲ್ಲಿ ಪರಸ್ಪರ ಸಹಕಾರದ ಅಭ್ಯಾಸವನ್ನೂ ಬೆಳೆಸುವುದು ತಮ್ಮ ಉದ್ದೇಶವೆಂದು ಆ ಮನವಿ ಸಾರುತ್ತದೆ. ಇದು ಅಪ್ಪಟ ಸ್ವದೇಶಿ ಕೆಲಸ, ದೇಶವನ್ನು ಪ್ರೀತಿಸುವ ಪ್ರತಿಯೊಬ್ಬರೂ ಮುಂದೆ ಬರಬೇಕು ಎಂದು ಕರೆ ಕೊಡುತ್ತದೆ. ಬಂಗಾಳದ ವಿಭಜನೆಯಾಗಿ ಆಗಿನ್ನೂ ನಾಲ್ಕೈದು ತಿಂಗಳು. ಸ್ವದೇಶಿ ಎಂಬ ಮಾತು ಕಲ್ಕತ್ತೆಯಲ್ಲಿ ವಿದೇಶಿ ಬಟ್ಟೆಯನ್ನು ಸುಡುವ ಬೆಂಕಿಯಾಗಿದ್ದಾಗ, ಉಡುಪಿಯಲ್ಲಿ ಅದು ಠೇವಣಿ ಪುಸ್ತಕವಾಯಿತು. ಮಾರ್ಚ್ 12ರಂದು 5,000 ರೂಪಾಯಿಗಳ ಆರಂಭಿಕ ಬಂಡವಾಳದೊಂದಿಗೆ ‘ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ (ಉಡುಪಿ) ಲಿಮಿಟೆಡ್’, ಅಂದರೆ ಮುಂದಿನ ಕಾರ್ಪೊರೇಷನ್ ಬ್ಯಾಂಕ್, ಶುರುವಾಯಿತು. ಸಾಹೇಬರು ಅದರ ಸಂಸ್ಥಾಪಕ ಅಧ್ಯಕ್ಷರು. ಎರಡು ದಶಕಕ್ಕೂ ಹೆಚ್ಚು ಕಾಲ ಅವರೇ ಅಧ್ಯಕ್ಷರಾಗಿ ಮುಂದುವರಿದರು.

ಇದಾದ ಮೇಲೆ ಆಕೆ ಎಡವಿದಳು. ಮದ್ರಾಸಿನ ಅರ್ಬತ್‌ನಾಟ್ ಕಂಪನಿ ದಿವಾಳಿಯಾಗಿ ಜನ ಹಣ ಕಳೆದುಕೊಂಡ ಕಾರಣ ನಮ್ಮವರದ್ದೇ ಬ್ಯಾಂಕು ಬೇಕೆಂದು ಸಾಹೇಬರಿಗೆ ಅನಿಸಿತು ಎಂದಳು. ಕೇಳಲು ಚೆನ್ನಾಗಿದೆ, ಆದರೆ ತಾರೀಖು ಕೂಡುವುದಿಲ್ಲ. ಅರ್ಬತ್‌ನಾಟ್ ಮುಳುಗಿದ್ದು 1906ರ ಅಕ್ಟೋಬರಿನಲ್ಲಿ. ಆ ಹೊತ್ತಿಗೆ ಉಡುಪಿಯ ಬ್ಯಾಂಕಿಗೆ ಏಳು ತಿಂಗಳು ತುಂಬಿತ್ತು. ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಜುಲೈ 1ರಂದು ಆರಂಭಿಸಿದ್ದ, ಮುಂದೆ ಕೆನರಾ ಬ್ಯಾಂಕಾಗಿ ಬೆಳೆದ ಹಿಂದೂ ಪರ್ಮನೆಂಟ್ ಫಂಡ್ ಕೂಡ ನಡೆಯುತ್ತಿತ್ತು. ಆ ದಿವಾಳಿಯ ಬಿಸಿಯಿಂದ ಹುಟ್ಟಿದ್ದು ಮರುವರ್ಷ ಮದ್ರಾಸಿನಲ್ಲಿ ಆರಂಭವಾದ ಇಂಡಿಯನ್ ಬ್ಯಾಂಕ್. ಇದೊಂದು ಸಣ್ಣ ತಪ್ಪು ಎಂದು ಬಿಡಬಹುದಿತ್ತು, ಆದರೆ ಇದರಿಂದ ಊರಿನವರಿಗೆ ಅನ್ಯಾಯವಾಗುತ್ತದೆ. ಉಡುಪಿಯವರು ಬೇರೆಯವರ ಮನೆ ಬಿದ್ದದ್ದನ್ನು ನೋಡಿ ಹೆದರಿ ಬ್ಯಾಂಕು ಕಟ್ಟಲಿಲ್ಲ. ಲೇವಾದೇವಿಯವರ ಬಡ್ಡಿಯ ಭಾರದಲ್ಲಿ ಬದುಕುತ್ತಿದ್ದ ತಾಲೂಕಿನಲ್ಲಿ, ಉಳಿಸಿದ ದುಡ್ಡನ್ನು ಮಡಕೆಯಲ್ಲಿ ಹೂತಿಡುವುದಕ್ಕಿಂತ ಒಟ್ಟಿಗೆ ಇಡೋಣ ಎಂದು ತಾವಾಗಿಯೇ ಯೋಚಿಸಿ ಕಟ್ಟಿದರು.

ಈಗ ಆ ಬಟ್ಟೆಯ ಸಂಚಿ. ಬ್ಯಾಂಕಿನ ಮೊದಲ ದಿನದ ಅಂತ್ಯಕ್ಕೆ ಅಲ್ಲಿ ಸೇರಿದ್ದ ಹಣ ಮೂವತ್ತೆಂಟು ರೂಪಾಯಿ ಹದಿಮೂರು ಆಣೆ ಎರಡು ಪೈ. ಕಾರ್ಪೊರೇಷನ್ ಬ್ಯಾಂಕಿನಲ್ಲಿ ದುಡಿದ ಯಾರನ್ನು ಕೇಳಿದರೂ ಈ ಲೆಕ್ಕವನ್ನು ಮಗ್ಗಿಯಂತೆ ಒಪ್ಪಿಸುತ್ತಾರೆ. ಹುಡುಗಿ ಈ ಮೊತ್ತವನ್ನು ಬರಿಯ ಬಾಯಿಮಾತಿನಲ್ಲಿ ಹೇಳದೆ ಸಂಚಿಯಿಂದ ಹಳೆಯ ನಾಣ್ಯಗಳನ್ನು ತೆಗೆದು ಒಬ್ಬೊಬ್ಬರ ಅಂಗೈ ಮೇಲೆ ಇಟ್ಟಳು. ನನ್ನ ಪಾಲಿಗೆ ಒಂದು ಪೈ ಬಂತು. ತಾಮ್ರದ ಬಣ್ಣ ಕಪ್ಪಿಗೆ ತಿರುಗಿತ್ತು, ಏಳನೆಯ ಎಡ್ವರ್ಡನ ಬೋಳುತಲೆ ಸವೆದು ನುಣುಪಾಗಿತ್ತು, ಹಿಂಬದಿಯಲ್ಲಿ ಆಣೆಯ ಹನ್ನೆರಡನೆಯ ಒಂದು ಭಾಗ ಎಂಬ ಬರಹವನ್ನು ಉಗುರಿನಿಂದ ತಡವಿ ಓದಬೇಕಾಯಿತು. ಹನ್ನೆರಡು ಪೈಗೆ ಒಂದು ಆಣೆ, ಹದಿನಾರು ಆಣೆಗೆ ಒಂದು ರೂಪಾಯಿ. ಅಂದರೆ ನೂರ ತೊಂಬತ್ತೆರಡು ಪೈ ಸೇರಿದರೆ ಒಂದು ರೂಪಾಯಿ. ತಂಗಿಯ ಮಗಳು ಫೋನಿನಲ್ಲಿ ಗುಣಿಸಿ ಮೊದಲ ದಿನದ ಮೊತ್ತ 7,454 ಪೈ ಎಂದಳು. ಬೆಳ್ಳಿಯ ರೂಪಾಯಿಯ ತೂಕ ಒಂದು ತೊಲ ಎಂಬುದನ್ನು ನಾನು ನೆನಪಿಸಿದೆ. ಮೂವತ್ತೆಂಟು ತೊಲ ಬೆಳ್ಳಿಯೆಂದರೆ ಈಗಿನ ಅರ್ಧ ಕಿಲೋಗೂ ಕಡಿಮೆ. ಒಂದು ಸಣ್ಣ ಚೊಂಬಿನಲ್ಲಿ ಹಿಡಿಯುವಷ್ಟು. ಹತ್ತು ಮಂದಿ ತಮ್ಮ ತಮ್ಮ ಅಂಗೈಯನ್ನು ನೋಡುತ್ತ ಅರೆಗಳಿಗೆ ಸುಮ್ಮನಾದರು. ಎಣ್ಣೆಯ ಕಥೆಗೆ ಚಪ್ಪಾಳೆ ಬಂದಿತ್ತು, ಇದಕ್ಕೆ ಬರಲಿಲ್ಲ. 350 ರೂಪಾಯಿ ಕೊಟ್ಟದ್ದು ನನಗೆ ಸಾರ್ಥಕವೆನಿಸಿದ್ದು ಇಲ್ಲಿ.

ಆ ಎರಡು ಪೈ ಮುಖ್ಯ. ಮೂವತ್ತೆಂಟು ರೂಪಾಯಿಯನ್ನು ಒಬ್ಬ ಧನಿಕ ಒಂದೇ ಕೈಯಲ್ಲಿ ಕೊಡಬಲ್ಲ. ಆದರೆ ಬೆಳ್ಳಿಯ ರೂಪಾಯಿಯ ಜೊತೆಗೆ ಪೈಯನ್ನೂ ಎಣಿಸಿ ಕಿರ್ದಿಗೆ ಬರೆದ ಸಂಸ್ಥೆಯೆಂದರೆ ಚಿಲ್ಲರೆ ತಂದವನನ್ನೂ ಬಾಗಿಲಿನಲ್ಲಿ ನಿಲ್ಲಿಸದ ಸಂಸ್ಥೆ ಎಂದು ನಾನು ಓದಿಕೊಳ್ಳುತ್ತೇನೆ. ಇಷ್ಟು ವರ್ಷ ದಿನದ ಕೊನೆಗೆ ನಗದು ಲೆಕ್ಕ ಕೂಡಿಸಿದ ಅನುಭವದಿಂದ ಹೇಳುತ್ತೇನೆ, ಕ್ಯಾಷಿಯರನ ಮರ್ಯಾದೆ ತಿಳಿಯುವುದು ದೊಡ್ಡ ನೋಟಿನಲ್ಲಲ್ಲ, ಕೊನೆಯ ಪೈಸೆಯಲ್ಲಿ. ಸಾಹೇಬರ ಹಿರಿಮೆಯನ್ನು ತೋರಿಸಲು ಈ ನಡಿಗೆಗೆ ಎಣ್ಣೆಯ ಡಬ್ಬಗಳ ಅಗತ್ಯವೇ ಇಲ್ಲ. ಊರಿನ ದೊಡ್ಡ ವರ್ತಕ ಮನೆತನವೊಂದು ತನ್ನ ಹೆಸರಿನ ಮೇಲಿದ್ದ ನಂಬಿಕೆಯನ್ನೇ ಬಂಡವಾಳವಾಗಿ ಹೂಡಿ, ಬೇರೆ ಬೇರೆ ಜಾತಿಯವರ ಚಿಲ್ಲರೆಯನ್ನು ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿತು ಎಂಬ ಸಂಗತಿಯೊಂದೇ ಸಾಕು. ಸಾಲ ಕೊಡುವವನನ್ನು ಊರು ಹೊಗಳುವುದು, ಬಯ್ಯುವುದು ಎರಡೂ ಸುಲಭ. ತನ್ನ ದುಡ್ಡನ್ನು ಇನ್ನೊಬ್ಬನ ಬಳಿ ಇಡುವುದು ಅಷ್ಟು ಸುಲಭವಲ್ಲ.

ಆದರೆ ನಾಣ್ಯಗಳಲ್ಲಿಯೂ ಒಂದು ತೊಡಕಿತ್ತು. ಹದಿಮೂರು ಆಣೆಯನ್ನು ತೋರಿಸಲು ಆಕೆ ಅಂಚು ಅಲೆ ಅಲೆಯಾಗಿರುವ ನಿಕ್ಕಲಿನ ಒಂದಾಣೆಗಳನ್ನು ಹಂಚಿದ್ದಳು. ಅಂಥ ಒಂದಾಣೆ ಚಲಾವಣೆಗೆ ಬಂದದ್ದು 1907ರಲ್ಲಿ. 1906ರ ಮಾರ್ಚಿನಲ್ಲಿ ಹದಿಮೂರು ಆಣೆಯನ್ನು ಎಣಿಸಬೇಕಾಗಿದ್ದರೆ ಬೆಳ್ಳಿಯ ಮೂರು ಪಾವಲಿ (ನಾಲ್ಕಾಣೆ) ಮತ್ತು ತಾಮ್ರದ ನಾಲ್ಕು ಕಾಲಾಣೆ, ಅಥವಾ ಬೆಳ್ಳಿಯ ಎರಡಾಣೆಗಳನ್ನು ಸೇರಿಸಿ ಬೇರೆ ಯಾವುದಾದರೂ ಜೋಡಣೆ ಆಗಬೇಕಿತ್ತು. ಎಲ್ಲರೆದುರು ಹೇಳಿ ಆಕೆಯನ್ನು ಮುಜುಗರಕ್ಕೆ ಸಿಲುಕಿಸಲು ಮನಸ್ಸಾಗದೆ ನಡಿಗೆ ಮುಗಿಯುವವರೆಗೆ ಕಾದೆ.

ಮುಂದಿನ ನಿಲುಗಡೆಗಳು ಅವಸರದವು. ತಾಯಿ ಮಕ್ಕಳ ಸರಕಾರಿ ಆಸ್ಪತ್ರೆಗೆ ಹಾಜಿ ಅಬ್ದುಲ್ಲಾ ಸಾಹೇಬರು ಜಾಗವನ್ನು ದಾನ ಮಾಡಿದ್ದನ್ನು ಹೇಳಿದಳು. ಈಗಿನ ಕಟ್ಟಡದ ಹೆಸರಿನಲ್ಲಿಯೂ ಅವರ ನೆನಪು ಉಳಿದಿದೆ. ಹೆಸರಿನ ಫಲಕದ ಮುಂದೆ ಫೋಟೋ ತೆಗೆಸಿಕೊಳ್ಳಲು ಐದು ನಿಮಿಷ ಕೊಟ್ಟದ್ದನ್ನು ಬಿಟ್ಟರೆ ಅಲ್ಲಿ ಬೇರೇನೂ ಇರಲಿಲ್ಲ. ಮದ್ರಾಸ್ ಶಾಸನಸಭೆಯಲ್ಲಿ ಅವರು ಸದಸ್ಯರಾಗಿದ್ದ ಸಂಗತಿಯನ್ನು ಒಂದೇ ವಾಕ್ಯದಲ್ಲಿ ದಾಟಿಸಿದಳು. ಇಲ್ಲಿಯೇ ಒಬ್ಬ ಗೃಹಿಣಿ ಆ ಮನೆಯ ಹೆಂಗಸರ ಬದುಕು ಹೇಗಿತ್ತು ಎಂದು ಕೇಳಿದರು. ಹುಡುಗಿ ‘ಅಂತಃಪುರ’ ಎಂಬ ಯಕ್ಷಗಾನದ ಪದವನ್ನು ಬಳಸಿ, ಅವರು ತೆರೆಮರೆಯಲ್ಲಿದ್ದು ಯಜಮಾನರಿಗೆ ಸ್ಫೂರ್ತಿಯಾಗಿದ್ದರು ಎಂದಳು. ಇಂಥ ಉತ್ತರಕ್ಕಿಂತ ಮೌನ ಮೇಲು. ದಾಖಲೆ ಸಿಗಲಿಲ್ಲವೆಂದು ಒಪ್ಪಿಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ಒಂದು ಮನೆತನದ ಸಮುದಾಯ ಜೀವನ ಎಂದು ಚೀಟಿಯ ಮೇಲೆ ಅಚ್ಚು ಹಾಕಿಸಿದ ಮೇಲೆ ಮೂರು ಗಂಟೆಯೂ ಒಬ್ಬ ಗಂಡಸಿನ ಸುತ್ತ ಸುತ್ತುವುದು ಮಾತ್ರ ಕೊರತೆಯೇ.

ಕೊನೆಯ ಭಾಗದಲ್ಲಿ ಪೈ ಕುಟುಂಬದ ಪ್ರಸ್ತಾಪ ಬರುತ್ತದೆ. ಸಾಹೇಬರ ಕಥೆಯನ್ನು ಒಂಟಿಯಾಗಿ ನಿಲ್ಲಿಸದೆ ಇನ್ನೊಂದು ಮನೆತನದ ಪಕ್ಕದಲ್ಲಿ ಇಟ್ಟು ತೋರಿಸುವ ಯೋಚನೆ ಒಳ್ಳೆಯದೇ. ಆದರೆ ಹೊತ್ತು ಮೀರಿದ್ದರಿಂದ ಅದೂ ಗಡಿಬಿಡಿಯಲ್ಲಿ ಮುಗಿಯಿತು, ಜೊತೆಗೆ ಪಿಗ್ಮಿ ಠೇವಣಿಯನ್ನು ಸಾಹೇಬರ ಬ್ಯಾಂಕಿನ ಖಾತೆಗೇ ಜಮಾ ಮಾಡಿಬಿಟ್ಟಳು. ಇದನ್ನು ಕೇಳಿ ಸುಮ್ಮನಿರುವುದು ಉಡುಪಿಯ ಬ್ಯಾಂಕಿನವನಿಗೆ ಸಾಧ್ಯವಿಲ್ಲ. ಉಪೇಂದ್ರ ಅನಂತ ಪೈ, ಅವರ ತಮ್ಮ ಡಾ. ಟಿ.ಎಂ.ಎ. ಪೈ ಮತ್ತು ಇಂಜಿನಿಯರ್ ವಾಮನ ಕುಡ್ವ ಈ ಮೂವರು 1925ರಲ್ಲಿ 8,000 ರೂಪಾಯಿ ಬಂಡವಾಳದಿಂದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ (ಮುಂದಿನ ಸಿಂಡಿಕೇಟ್ ಬ್ಯಾಂಕ್) ಅನ್ನು ಇದೇ ಉಡುಪಿಯಲ್ಲಿ ಕಟ್ಟಿದರು. ಕೈಮಗ್ಗದ ಕಸುಬು ಕುಸಿದು ಸಂಕಟದಲ್ಲಿದ್ದ ನೇಕಾರರಿಗೆ ನೆರವಾಗುವುದು ಅದರ ಮೊದಲ ಉದ್ದೇಶಗಳಲ್ಲಿ ಒಂದಾಗಿತ್ತು. ಪಿಗ್ಮಿಯನ್ನು 1928ರಲ್ಲಿ ಆರಂಭಿಸಿದ್ದು ಈ ಸಿಂಡಿಕೇಟ್. ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಬ್ಯಾಂಕಿನ ಪ್ರತಿನಿಧಿ ಮನೆ ಬಾಗಿಲಿಗೆ ಬಂದು ಸಂಗ್ರಹಿಸುವ ಏರ್ಪಾಡದು. ಎರಡಾಣೆಯಂತೆ ಮೂವತ್ತು ದಿನ ಕೊಟ್ಟರೆ ಮೂರು ರೂಪಾಯಿ ಹನ್ನೆರಡು ಆಣೆ ಕೂಡುತ್ತದೆ. ಹತ್ತು ಮನೆಯವರು ಹಾಗೆ ಒಂದು ತಿಂಗಳು ಕೊಟ್ಟರೆ ಸಾಹೇಬರ ಬ್ಯಾಂಕಿನ ಮೊದಲ ದಿನದ ಮೊತ್ತಕ್ಕೆ ಬರಿಯ ಒಂದು ರೂಪಾಯಿ ಐದು ಆಣೆ ಎರಡು ಪೈಯಷ್ಟೇ ಕಡಿಮೆ.

ಈ ಎರಡು ಮನೆತನಗಳ ನಡುವಿನ ವ್ಯತ್ಯಾಸವನ್ನು ಬಿಡಿಸಿ ಹೇಳಿದ್ದರೆ ನಡಿಗೆಯ ತೂಕ ಇಮ್ಮಡಿಯಾಗುತ್ತಿತ್ತು. 1906ರ ಬ್ಯಾಂಕು ನಿಧಾನದ ಹೆಜ್ಜೆಯದು. ಕುಂದಾಪುರದಲ್ಲಿ ಮೊದಲ ಶಾಖೆಯನ್ನು ತೆರೆದದ್ದು 1923ರಲ್ಲಿ, ಅಂದರೆ ಹದಿನೇಳು ವರ್ಷಗಳ ಬಳಿಕ, ಆಮೇಲೆ ಮಂಗಳೂರಿನ ರಥಬೀದಿಯಲ್ಲಿ. ಜನ ತಮ್ಮಲ್ಲಿಗೆ ಬಂದು ದುಡ್ಡು ಇಡುವಷ್ಟು ವಿಶ್ವಾಸ ಗಳಿಸುವುದು ಅವರ ದಾರಿಯಾದರೆ, ದುಡ್ಡು ಇರುವಲ್ಲಿಗೆ ತಾವೇ ಹೋಗುವುದು ಪೈಗಳ ದಾರಿ. ಒಂದು ಹಳೆಯ ಕಾಲದ ಧನಿಯ ಚಾವಡಿಯ ನೀತಿ, ಮತ್ತೊಂದು ಬರಲಿರುವ ಕಾಲದ ಬೀದಿಯ ನೀತಿ. ಯಾವುದು ಹೆಚ್ಚು ಎಂಬುದು ನನ್ನ ವಾದವಲ್ಲ, ಮೊದಲನೆಯದು ನೆಲ ಹದ ಮಾಡದಿದ್ದರೆ ಎರಡನೆಯದಕ್ಕೆ ಊರಿನಲ್ಲಿ ಅಷ್ಟು ಬೇಗ ಬಾಗಿಲುಗಳು ತೆರೆಯುತ್ತಿದ್ದವೇ ಎಂಬುದು ನನ್ನ ಸಂಶಯ. ಈಗ ಎರಡು ಬ್ಯಾಂಕುಗಳ ಹೆಸರೂ ಒಂದೇ ದಿನ, 2020ರ ಏಪ್ರಿಲ್ 1ರಂದು, ಫಲಕಗಳಿಂದ ಇಳಿದುಹೋಗಿವೆ. ಸಿಂಡಿಕೇಟ್ ಸೇರಿದ್ದು ಕೆನರಾ ಬ್ಯಾಂಕಿನ ಮಡಿಲಿಗೆ. ಹುಡುಗಿ ಇದನ್ನು ಹೇಳಿದಾಗ ತಂಡದಲ್ಲಿದ್ದ ಇನ್ನೊಬ್ಬ ನಿವೃತ್ತರು ನನ್ನ ಮುಖ ನೋಡಿದರು. ಅವರು ಯಾವ ಬ್ಯಾಂಕಿನವರು ಎಂದು ನಾನು ಕೇಳಲಿಲ್ಲ, ನಾನು ಯಾವ ಬ್ಯಾಂಕಿನವನೆಂದು ಅವರೂ ಕೇಳಲಿಲ್ಲ.

ಹೋಗುವವರಿಗೆ ಕೆಲವು ಮಾತು. ಮಳೆಗಾಲದಲ್ಲಿ ಈ ನಡಿಗೆ ನಡೆಯುವುದಿಲ್ಲ, ಮಾರ್ಚ್ ಕಳೆದ ಮೇಲೆ ಬಿಸಿಲು ತಡೆಯಲಾಗುವುದಿಲ್ಲ. ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗುವುದು ಲೇಸು. ಪರ್ಯಾಯದ ವರ್ಷವಾದರೆ ಜನವರಿ 18ರ ಹಿಂದು ಮುಂದಿನ ವಾರಗಳನ್ನು ಬಿಟ್ಟುಬಿಡಿ, ರಥಬೀದಿಯಲ್ಲಿ ನಿಲ್ಲಲೂ ಜಾಗ ಸಿಗದು. ಮಕ್ಕಳನ್ನು ಕರೆದೊಯ್ಯಬಹುದು, ಆದರೆ ಶೌಚಾಲಯ ಸಿಗುವುದು ತಿಂಡಿಯ ಹೋಟೆಲಿನಲ್ಲಿ ಮಾತ್ರ. ಅವರು ಕೊಡುವ ಅಚ್ಚಿನ ನಕ್ಷೆಯ ಅಕ್ಷರಗಳು ಇರುವೆಯಷ್ಟು ಸಣ್ಣವು, ಕನ್ನಡಕ ಮರೆಯಬೇಡಿ. ಹಣಕ್ಕೆ ರಸೀದಿ ಕೇಳಿದರೆ ಮಾತ್ರ ಕೊಡುತ್ತಾರೆ. ಬ್ಯಾಂಕಿನ ಕಥೆ ಹೇಳುವವರು ಕೇಳದೆಯೇ ಕೊಡಬೇಕು.

ಐದು ಅಂಕಗಳಲ್ಲಿ ಮೂರೂವರೆ ಕೊಡುತ್ತೇನೆ. ಆರಂಭದ ರಥಬೀದಿಯ ಹತ್ತು ನಿಮಿಷ ಮತ್ತು ಮನೆಯ ಹೊರಗಿನ ನಾಣ್ಯಗಳ ಹತ್ತು ನಿಮಿಷಕ್ಕೆ ಪೂರ್ತಿ ಐದು. ಎಣ್ಣೆಯ ಕಥೆಯನ್ನು ಎಳೆದದ್ದಕ್ಕೂ, ಅರ್ಬತ್‌ನಾಟ್ ಮತ್ತು ಪಿಗ್ಮಿಯ ತಪ್ಪುಗಳಿಗೂ, ಕೊನೆಯ ಗಂಟೆಯ ಅವಸರಕ್ಕೂ ಒಂದೂವರೆ ಕಳೆದಿದ್ದೇನೆ.

ನಡಿಗೆ ಮುಗಿದ ಮೇಲೆ ಹುಡುಗಿಯನ್ನು ಪಕ್ಕಕ್ಕೆ ಕರೆದು ಒಂದಾಣೆಯ ವಿಷಯವನ್ನೂ ಉಳಿದ ಎರಡು ತಪ್ಪುಗಳನ್ನೂ ಹೇಳಿದೆ. ಆಕೆ ಬೇಸರಿಸಲಿಲ್ಲ, ‘ಒಂದು ನಿಮಿಷ ಇರಿ ಸರ್’ ಎಂದು ಟಿಪ್ಪಣಿ ಪುಸ್ತಕ ತೆಗೆದು, ತಾರೀಖುಗಳನ್ನು ಮತ್ತೊಮ್ಮೆ ನನ್ನಿಂದ ಹೇಳಿಸಿ ಬರೆದುಕೊಂಡಳು. ಹತ್ತು ದಿನ ಕಳೆದು ಫೋನು ಬಂತು. ಪಿಗ್ಮಿಯನ್ನು ಸಿಂಡಿಕೇಟಿಗೆ ಹಿಂದಿರುಗಿಸಿದ್ದಾಳಂತೆ, ಅರ್ಬತ್‌ನಾಟ್ ಅನ್ನು ಕೈಬಿಟ್ಟಿದ್ದಾಳಂತೆ. ಎಡ್ವರ್ಡನ ಕಾಲದ ತಾಮ್ರದ ಕಾಲಾಣೆ ನಾಲ್ಕು ಎಲ್ಲಿ ಸಿಗುತ್ತದೆ ಎಂದು ಕೇಳಿದಳು. ನಮ್ಮ ಮನೆಯ ಹಳೆಯ ಬಿಸ್ಕೀಟು ಡಬ್ಬದಲ್ಲಿ ಹುಡುಕಿದಾಗ ಮೂರು ಸಿಕ್ಕಿವೆ.